ಕಾಡಿನ ನೆಲದಲ್ಲಿ ಹೂವೇ ಇಲ್ಲ, ಯಾಕೆ? ಕಾಸರಗೋಡಿನ ಗುಡ್ಡೆ, ಬನಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಾಸರಗೋಡು ಜಿಲ್ಲೆಯಲ್ಲಿ ಈಗ ಊರಿಗೊಂದು ಪುಟ್ಟ ಕಾಡು ಇದೆ. ಕೆಲವು 2019ರಿಂದ ಪಂಚಾಯತುಗಳು ಎಬ್ಬಿಸಿದ ಪಚ್ಚತುರುತ್ತುಗಳು, ಅಂದರೆ ಖಾಲಿ ಜಾಗದಲ್ಲಿ ಬೆಳೆಸಿದ ಹಸಿರು ತುಣುಕುಗಳು. ಕೆಲವು ಶಾಲೆಯ ಹಿಂದಿನ ಮರಗಳ ಸಾಲು. ಇನ್ನು ಕೆಲವು ಮನೆಯವರೇ ಉಳಿಸಿಕೊಂಡ ಗುಡ್ಡೆ. ಸಂಜೆ ಜನ ನಡೆಯಲು ಬರುತ್ತಾರೆ, ಮಕ್ಕಳು ಓಡಾಡುತ್ತಾರೆ. ಮರಗಳು ಚೆನ್ನಾಗಿ ಬಂದಿವೆ. ನೆಲ ಮಾತ್ರ ಬೋಳು, ಇಲ್ಲವೇ ಬರೀ ಕಳೆ. ತುಂಬೆ, ಕಾಡು ಕರ್ಣಕುಂಡಲ, ಕಾಡು ಅರಿಶಿನ, ನೆಲತಾಳೆ, ಚಂಗಲಕೋಷ್ಟ ಇವೆಲ್ಲ ಇರಬೇಕಾದ ಜಾಗ ಅದು.

ಹೂವು ಬರದಿದ್ದಾಗ ನಾವು ಮೊದಲು ಮಾಡುವ ಕೆಲಸ ಇನ್ನಷ್ಟು ಬೀಜ ತಂದು ಚೆಲ್ಲುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ತೊಂದರೆ ಹೆಚ್ಚಾಗಿ ಬೀಜದ್ದಲ್ಲ. ನೆಲದ ಮೇಲಿನ ಬೆಳಕು, ತರಗೆಲೆ, ಕಾಲ್ತುಳಿತ, ಮತ್ತೆ ನಾವು ಕತ್ತಿ ಹಾಕುವ ತಿಂಗಳು ಇವೇ ಮುಖ್ಯ ಕಾರಣ. ಇವನ್ನು ನೋಡಲು ಖರ್ಚಿಲ್ಲ. ಒಂದು ಕೋಲು, ಒಂದು ಟಾರ್ಚ್, ಗಮ್‌ಬೂಟ್ ಇದ್ದರೆ ಸಾಕು.

ಕೆಲಸಕ್ಕೆ ಇಳಿಯುವ ಮೊದಲು

ತರಗೆಲೆಯೊಳಗೆ ಬರಿಗೈ ಹಾಕಬೇಡಿ. ಕೊಳಕು ಮಂಡಲವೂ ಅದರ ಸಣ್ಣ ಜಾತಿಯ ಮಂಡಲಗಳೂ ಅಲ್ಲೇ ಮಲಗಿರುತ್ತವೆ, ಎಲೆಯ ಬಣ್ಣದಲ್ಲೇ ಇರುತ್ತವೆ. ಮೊದಲು ಕೋಲಿನಿಂದ ಸರಿಸಿ, ಆಮೇಲೆ ಕೈ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗದ ಹಾಗೆ ಇಟ್ಟುಕೊಂಡು ವಿಷನಿವಾರಕ ಇರುವ ದೊಡ್ಡ ಆಸ್ಪತ್ರೆಗೇ ನೇರ ಹೋಗಿ.

ಎರಡನೆಯದು ಅಗ್ನಿಶಿಖೆ. ಕೆಂಪು, ಹಳದಿ ಬೆಂಕಿಯ ನಾಲಿಗೆಯಂತಹ ಹೂವು, ಎಲೆಯ ತುದಿಯಲ್ಲಿ ಸುರುಳಿ. ನಮ್ಮ ಕಾಡಿನದೇ ಬಳ್ಳಿ, ಚೆಂದದ ಬಳ್ಳಿ. ಆದರೆ ಅದರ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ಗೆಣಸೆಂದು ತಿಂದು ಸತ್ತವರಿದ್ದಾರೆ. ಮಕ್ಕಳು ಬರುವ ದಾರಿಯ ಪಕ್ಕದಲ್ಲಿ ಅದನ್ನು ನೆಡಬೇಡಿ. ತಾನಾಗಿ ಬಂದಿದ್ದರೆ ಹಾಗೇ ಬಿಡಿ, ಅಗೆಯಬೇಡಿ, ಪಕ್ಕದಲ್ಲೊಂದು ಫಲಕ ಹಾಕಿ.

ನಾಗಬನವಾದರೆ ಕುಟುಂಬದವರ, ತಂತ್ರಿಗಳ ಒಪ್ಪಿಗೆ ಇಲ್ಲದೆ ಒಂದು ಎಲೆಯನ್ನೂ ಸರಿಸಬಾರದು. ಕಾಯ್ದಿಟ್ಟ ಅರಣ್ಯದಿಂದ ಗಿಡ, ಗಡ್ಡೆ ಕಿತ್ತು ತರುವುದು ಕಾನೂನಿಗೆ ವಿರುದ್ಧ.

"ಮಳೆ ಬಂದು ತಿಂಗಳಾಯಿತು, ಚೆಲ್ಲಿದ ಬೀಜ ಒಂದೂ ಮೊಳೆತಿಲ್ಲ"

ಮೊದಲು ಬೀಜ ಅಲ್ಲೇ ಇದೆಯಾ ಎಂದು ನೋಡಿ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಳಿಜಾರಿನಲ್ಲಿ ಸುಮ್ನೆ ಚೆಲ್ಲಿದ ಬೀಜ ಒಂದು ರಾತ್ರಿಯ ಮಳೆಗೆ ಹೊರಟುಹೋಗುತ್ತದೆ. ಗುಡ್ಡೆಯ ಕೆಳಗೆ, ದಾರಿಯ ಅಂಚಿನಲ್ಲಿ, ತೋಡಿನ ಬದಿಯಲ್ಲಿ ಹುಡುಕಿ. ಅಲ್ಲಿ ಒತ್ತೊತ್ತಾಗಿ ಮೊಳಕೆ ಎದ್ದಿದ್ದರೆ ಬೀಜ ಒಳ್ಳೆಯದೇ, ಜಾಗ ಬದಲಾಯಿತು ಅಷ್ಟೆ. ಮುಂದಿನ ಸಲ ಇಳಿಜಾರಿಗೆ ಅಡ್ಡವಾಗಿ ತೆಂಗಿನ ಮಡಲು ಮಲಗಿಸಿ, ಮೇಲೆ ಮುರಕಲ್ಲಿನ ತುಂಡು ಇಡಿ. ಮಡಲಿನ ಮೇಲ್ಬದಿಯಲ್ಲಿ ಮಣ್ಣು ನಿಲ್ಲುತ್ತದೆ, ಬೀಜವೂ ನಿಲ್ಲುತ್ತದೆ.

ಬೀಜ ಕೊಚ್ಚಿ ಹೋಗಿಲ್ಲ ಎಂದಾದರೆ ತರಗೆಲೆಯ ದಪ್ಪ ನೋಡಿ. ಬೆರಳನ್ನೇ ಅಳತೆ ಮಾಡಿಕೊಳ್ಳಿ. ಎಲೆಯ ಪದರ ಒಂದು ಗೆಣ್ಣಿನಷ್ಟು ಇದ್ದರೆ ತೊಂದರೆ ಇಲ್ಲ. ಬೆರಳು ಪೂರ್ತಿ ಮುಳುಗಿದರೆ ತುಂಬೆ, ಕರ್ಣಕುಂಡಲದಂತಹ ಸಣ್ಣ ಬೀಜ ಮಣ್ಣನ್ನೇ ಮುಟ್ಟಿಲ್ಲ ಎಂದರ್ಥ. ಅಕೇಶಿಯ ಮರದ ಕೆಳಗೆ ಇದು ಯಾವಾಗಲೂ ಆಗುತ್ತದೆ. ಅದರ ಎಲೆ ಬೇಗ ಕೊಳೆಯುವುದಿಲ್ಲ, ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ. ಗೇರು ಮರದಡಿಯಲ್ಲೂ ಹೀಗೇ.

ಆದರೆ ಎಲ್ಲ ತರಗೆಲೆಯನ್ನೂ ಗುಡಿಸಿ ಹಾಕಬೇಡಿ. ಕಾಡು ಅರಿಶಿನ, ಚಂಗಲಕೋಷ್ಟದಂತಹ ಗಡ್ಡೆ ಗಿಡಗಳಿಗೆ ಬೇಸಗೆಯಲ್ಲಿ ಆ ಹೊದಿಕೆಯೇ ರಕ್ಷೆ. ಅಡ್ಡಡ್ಡ ಪಟ್ಟಿಗಳಾಗಿ, ಒಂದು ಮೊಳ ಅಗಲ ಸರಿಸಿ, ಎರಡು ಮೊಳ ಬಿಡಿ. ಸರಿಸಿದ ಪಟ್ಟಿಯಲ್ಲಿ ಮಣ್ಣನ್ನು ಕೋಲಿನಿಂದ ಸ್ವಲ್ಪ ಗೀಚಿ, ಬೀಜವನ್ನು ಮರಳಿನೊಂದಿಗೆ ಬೆರೆಸಿ ಚೆಲ್ಲಿ. ಮೇಲೆ ಮಣ್ಣು ಮುಚ್ಚಬೇಡಿ, ಅಂಗೈಯಿಂದ ಒತ್ತಿದರೆ ಸಾಕು. ದನದ ಹಟ್ಟಿಗೆ ಹಾಸಲು ಗುಡ್ಡೆಯಿಂದ ತರಗೆಲೆ ಒಯ್ಯುವವರು ನಿಮ್ಮ ಊರಲ್ಲಿದ್ದರೆ ಅವರನ್ನೇ ಕೇಳಿ. ಪಟ್ಟಿಯ ಎಲೆ ಅವರಿಗೆ, ನೆಲ ನಿಮಗೆ.

ಮೂರನೆಯದು ಕಾಲ. ಇಲ್ಲಿನ ಮಳೆಗಾಲದ ಹೂಗಿಡಗಳು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಜ ಉದುರಿಸುತ್ತವೆ. ಆ ಬೀಜ ಇಡೀ ಬೇಸಗೆ ನೆಲದಲ್ಲಿ ಮಲಗಿ ಮೊದಲ ಮಳೆಗೆ ಏಳುತ್ತದೆ. ಹಾಗಾಗಿ ಬಿತ್ತುವ ಒಳ್ಳೆಯ ಹೊತ್ತು ಎಂದರೆ ಪತ್ತನಾಜೆಯ ಆಸುಪಾಸು, ಮೇ ಕೊನೆಯ ವಾರ. ಜುಲೈಯ ಜಡಿಮಳೆಯಲ್ಲಿ ಬಿತ್ತಿದ್ದರೆ ಬೀಜದ ಮೇಲೆ ದೂರು ಹಾಕಬೇಡಿ.

ಇಷ್ಟಾದ ಮೇಲೆ ಬೀಜದ ಪರೀಕ್ಷೆ. ಒದ್ದೆ ಬಟ್ಟೆಯಲ್ಲಿ 20 ಬೀಜ ಸುತ್ತಿ ಹತ್ತು ದಿನ ಇಡಿ. ಐದಕ್ಕಿಂತ ಕಡಿಮೆ ಮೊಳೆತರೆ ಬೀಜ ಹಳತು. ಒಂದು ಎಚ್ಚರಿಕೆ: ನವೆಂಬರಿನಲ್ಲಿ ಹೊಸದಾಗಿ ಆರಿಸಿದ ಬೀಜ ಈ ಪರೀಕ್ಷೆಯಲ್ಲಿ ಸೋತರೆ ಅದು ಸತ್ತಿದೆ ಎಂದಲ್ಲ. ಬೇಸಗೆ ಕಳೆಯುವವರೆಗೆ ಎಷ್ಟೋ ಕಾಡುಬೀಜ ಮೊಳೆಯಲು ಒಪ್ಪುವುದೇ ಇಲ್ಲ. ಏಪ್ರಿಲ್‌ನಲ್ಲಿ ಮತ್ತೆ ನೋಡಿ.

ಅಂಗಡಿಯ "ಕಾಡುಹೂ ಮಿಶ್ರಣ" ಪೊಟ್ಟಣ ತಂದಿದ್ದೀರಾ? ಒಳಗೆ ಇರುವುದು ಹೆಚ್ಚಾಗಿ ಕಾಸ್ಮಾಸ್, ಜಿನಿಯ. ಅವು ಮೆಕ್ಸಿಕೋ ಕಡೆಯವು, ನಮ್ಮ ನೆರಳಿನ ನೆಲದವಲ್ಲ. ಹಳದಿ ಕಾಸ್ಮಾಸ್ ಒಮ್ಮೆ ಬಿಸಿಲಿನ ಅಂಚು ಹಿಡಿದರೆ ಬಿಡಿಸುವುದೂ ಕಷ್ಟ.

"ಮೊಳಕೆ ಬಂತು, ಒಂದು ವಾರದಲ್ಲಿ ಮಾಯವಾಯಿತು"

ಉಳಿದ ಬುಡವನ್ನು ಕೂತು ನೋಡಿ. ಬುಡ ಕತ್ತರಿಸಿದ ಹಾಗಿದ್ದು, ಪಕ್ಕದಲ್ಲಿ ಒಣಗಿದ ಲೋಳೆಯ ಗೆರೆ ಹೊಳೆಯುತ್ತಿದ್ದರೆ ಬಸವನಹುಳು. ಬುಡ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿ ಗಿಡ ಅಡ್ಡ ಬಿದ್ದಿದ್ದರೆ ಶಿಲೀಂಧ್ರದ ಕೊಳೆ. ಬೇರು ಮಣ್ಣಿನಿಂದ ಹೊರಗೆ ಕಾಣುತ್ತಿದ್ದರೆ ಮರದಿಂದ ಹನಿಯುವ ನೀರು ಮಣ್ಣು ಕೊರೆದಿದೆ.

ಕೊಳೆಗೆ ಮದ್ದು ಬೇಡ. ಒತ್ತಾಗಿ ಬಂದ ಮೊಳಕೆಯನ್ನು ತೆಳು ಮಾಡಿ, ಗಾಳಿ ಆಡಲಿ. ಹನಿ ಬೀಳುವ ಜಾಗದಲ್ಲಿ ನಾಲ್ಕು ಒಣ ಕಡ್ಡಿ ಅಡ್ಡಡ್ಡ ಇಟ್ಟರೆ ಹನಿಯ ಪೆಟ್ಟು ಕಡಿಮೆಯಾಗುತ್ತದೆ.

ಬಸವನಹುಳು ಎಂದರೆ ಈಗ ಹೆಚ್ಚಾಗಿ ಆಫ್ರಿಕದ ದೊಡ್ಡ ಜಾತಿ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೋದರೆ ಸಿಗುತ್ತವೆ. ಕೈಗವಸು ಬೇಕೇ ಬೇಕು, ಏಕೆಂದರೆ ಮಿದುಳಿಗೆ ತೊಂದರೆ ಕೊಡುವ ಒಂದು ಪರೋಪಜೀವಿ ಹುಳ ಅದರ ಮೈಯಲ್ಲಿರಬಹುದು. ಬಕೆಟಿನ ಉಪ್ಪುನೀರಿಗೆ ಹಾಕಿ ದೂರದಲ್ಲಿ ಹೂತುಬಿಡಿ. ನೆಲದ ಮೇಲೆ ಉಪ್ಪು ಚೆಲ್ಲಿದರೆ ಹುಳುವಿನ ಜೊತೆ ಗಿಡವೂ ಸಾಯುತ್ತದೆ. ಚಿಪ್ಪು ಪುಟ್ಟದಾಗಿರುವ ಕಾಡಿನ ಬಸವನಹುಳುಗಳು ನಮ್ಮ ನೆಲದವೇ. ಅವುಗಳ ತಂಟೆಗೆ ಹೋಗಬೇಡಿ.

"ಎಲೆ ಸೊಂಪಾಗಿದೆ, ಹೂವು ಮಾತ್ರ ಕಾಣುವುದಿಲ್ಲ"

ಇದು ಎಲ್ಲರೂ ಹೇಳುವ ದೂರು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲ ಪ್ರಶ್ನೆ: ನೀವು ಯಾವ ತಿಂಗಳಲ್ಲಿ ಹುಡುಕಿದ್ದು? ಕಾಡು ಅರಿಶಿನದ ಹೂಗೊಂಚಲು ಏಪ್ರಿಲ್, ಮೇ ತಿಂಗಳಲ್ಲಿ, ಎರಡು ಒಳ್ಳೆಯ ಮಳೆಯಾದ ಕೂಡಲೇ ನೆಲದಿಂದ ನೇರವಾಗಿ ಎದ್ದು ಬರುತ್ತದೆ. ಆಗ ಎಲೆ ಇರುವುದಿಲ್ಲ, ಇದ್ದರೂ ಸುರುಳಿಯಾಗಿರುತ್ತದೆ. ಜುಲೈಯಲ್ಲಿ ನೀವು ನೋಡುವಾಗ ಎಲೆ ಆಳೆತ್ತರ, ಹೂವಿನ ಕಾಲ ಮುಗಿದಿರುತ್ತದೆ. ಒಂದೇ ಎಲೆ ಬಿಡುವ ನೆಲ ಆರ್ಕಿಡ್ ನರ್ವಿಲಿಯದ ಕಥೆಯೂ ಇದೇ. ಹೂವು ಮೊದಲು, ಎಲೆ ಆಮೇಲೆ. ಅಂದರೆ ಗಿಡದಲ್ಲಿ ದೋಷವಿಲ್ಲ. ಮುಂದಿನ ವರ್ಷ ವಿಷುವಿನಿಂದ ಪತ್ತನಾಜೆಯವರೆಗೆ ವಾರಕ್ಕೊಮ್ಮೆ ಆ ಜಾಗದಲ್ಲಿ ನಡೆದು ನೋಡಿ.

ಕಾಲ ಸರಿಯಿದ್ದೂ ಹೂವಿಲ್ಲ ಎಂದರೆ ಬೆಳಕು ನೋಡಿ. ಮೋಡವಿಲ್ಲದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಗಿಡದ ಪಕ್ಕ ನಿಲ್ಲಿ. ನೆಲದ ಮೇಲೆ ಬಿಸಿಲಿನ ಚುಕ್ಕಿಗಳು ಓಡಾಡುತ್ತಿದ್ದರೆ ಸಾಕಷ್ಟು ಬೆಳಕಿದೆ. ಒಂದು ಚುಕ್ಕಿಯೂ ಇಲ್ಲದೆ ನೆಲವೆಲ್ಲ ಒಂದೇ ಮಬ್ಬಾಗಿದ್ದರೆ ಇಲ್ಲ. ಗಿಡವೂ ಅದನ್ನೇ ಹೇಳುತ್ತದೆ. ಕಾಂಡ ಉದ್ದ, ಸಪೂರ. ಗೆಣ್ಣುಗಳ ನಡುವೆ ಅಂತರ ಜಾಸ್ತಿ. ಎಲ್ಲ ಒಂದೇ ಕಡೆ ವಾಲಿರುತ್ತವೆ. ಒಂದೊಂದು ಅಡಿಗೆ ಸಸಿ ಒತ್ತಿ ನೆಟ್ಟ ಪುಟ್ಟ ಕಾಡುಗಳಲ್ಲಿ ಮೂರನೇ ವರ್ಷಕ್ಕೆ ಹೀಗಾಗುತ್ತದೆ. ಮರ ಬೆಳೆಸುವ ಅವಸರದಲ್ಲಿ ನೆಲವನ್ನು ಕತ್ತಲೆಗೆ ತಳ್ಳಿದ ಹಾಗಾಯಿತು, ಅಲ್ವಾ?

ಪರಿಹಾರ ಮರ ಕಡಿಯುವುದಲ್ಲ. ದಾರಿಯ ದಕ್ಷಿಣ, ಪಶ್ಚಿಮ ಬದಿಗಳಲ್ಲಿ ಎದೆಯೆತ್ತರದವರೆಗಿನ ಸಣ್ಣ ಕೊಂಬೆಗಳನ್ನು ಮೇ ತಿಂಗಳಲ್ಲಿ ತೆಗೆಯಿರಿ. ಒಂದು ವರ್ಷಕ್ಕೆ ಒಂದು ಬದಿ ಮಾತ್ರ. ಒಮ್ಮೆಲೇ ತೆರೆದರೆ ಹೂವಿಗಿಂತ ಮೊದಲು ಕಮ್ಯುನಿಸ್ಟ್ ಗಿಡ ಎಂಬ ಕಳೆ ಬರುತ್ತದೆ. ತಲೆಗಿಂತ ಮೇಲಿನ ಕೊಂಬೆ, ಒಣಗಿ ನೇತಾಡುವ ಕೊಂಬೆ ನಿಮ್ಮ ಕೆಲಸ ಅಲ್ಲ. ಮರ ಹತ್ತಿ ಗೊತ್ತಿರುವವರನ್ನು ಕರೆಯಿರಿ.

ಬೆಳಕೂ ಇದೆ, ಎಲೆ ಕಡುಹಸಿರಾಗಿ ಕೊಬ್ಬಿದೆ ಎಂದರೆ ಯಾರೋ ಹಟ್ಟಿಗೊಬ್ಬರ ಹಾಕಿದ್ದಾರೆ. ಅಡಿಕೆ ತೋಟದ ಅಭ್ಯಾಸ ಅದು, ಪ್ರೀತಿಯಿಂದಲೇ ಮಾಡಿರುತ್ತಾರೆ. ತುಂಬೆ, ವಿಷ್ಣುಕ್ರಾಂತಿಯಂತಹವು ಬಡ ಮಣ್ಣಿನಲ್ಲೇ ಚೆನ್ನಾಗಿ ಹೂ ಬಿಡುತ್ತವೆ. ಗೊಬ್ಬರ ನಿಲ್ಲಿಸಿ, ಎರಡು ಮಳೆಗಾಲ ಕಾಯಿರಿ. ಗಡ್ಡೆಯಿಂದ ನೆಟ್ಟ ಗಿಡಕ್ಕೂ ಕಾಯಬೇಕು. ಬೆರಳುಗಾತ್ರದ ತುಂಡು ನೆಟ್ಟರೆ ಮೊದಲ ಮಳೆಗಾಲದಲ್ಲೇ ಹೂ ಕೇಳುವುದು ಸರಿಯಲ್ಲ.

"ಮೊದಲ ವರ್ಷ ಹೂವೋ ಹೂವು, ಎರಡನೇ ವರ್ಷ ಏನೂ ಇಲ್ಲ"

ಕಾಡು ಸವರುವ ಯಂತ್ರ ಯಾವಾಗ ಬಂತು ಎಂದು ವಿಚಾರಿಸಿ. ಆಗಸ್ಟ್ 15ರ ಮೊದಲೊಮ್ಮೆ, ಓಣಂ ಮೊದಲೊಮ್ಮೆ, ಆಯುಧಪೂಜೆಗೊಮ್ಮೆ ದಾರಿ ಚೊಕ್ಕ ಮಾಡುವುದು ನಮ್ಮ ಕಡೆ ರೂಢಿ. ತುಂಬೆ, ಕರ್ಣಕುಂಡಲ ಒಂದೇ ವರ್ಷ ಬಾಳುವ ಗಿಡಗಳು. ಬೀಜ ಬಲಿಯುವ ಮೊದಲು ಸವರಿದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ದಾರಿಯ ಎರಡೂ ಬದಿ ಒಂದು ಅಡಿ ಮಾತ್ರ ಸವರಿ. ಅದರಾಚೆ ನವೆಂಬರ್ ಮಧ್ಯದವರೆಗೆ ಯಂತ್ರ ಹೋಗದಂತೆ ಹಗ್ಗ ಕಟ್ಟಿ. ಉದ್ಯೋಗ ಖಾತರಿ ಕೆಲಸದವರು ಬರುವ ದಿನ ನೀವೇ ಹೋಗಿ ಗಿಡ ತೋರಿಸಿ. ಎಷ್ಟೋ ಮಂದಿ ಹಿರಿಯ ಹೆಂಗಸರಿಗೆ ದಶಪುಷ್ಪದ (ಕೇರಳದಲ್ಲಿ ಪವಿತ್ರವೆಂದು ಎಣಿಸುವ ಹತ್ತು ಗಿಡ) ಗಿಡಗಳೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಯಾವುದು ಉಳಿಸಬೇಕು ಎಂದು ಹೇಳುವವರೇ ಇರಲಿಲ್ಲ, ಅಷ್ಟೆ.

ಓಣಂ ಹೂಕಳಕ್ಕೆ, ಸೋಣ ತಿಂಗಳ ಹೊಸ್ತಿಲು ಪೂಜೆಗೆ ಹೂ ಕೊಯ್ಯುವವರನ್ನು ತಡೆಯಬೇಡಿ. ಈ ಹೂಗಳ ಮೇಲೆ ಊರಿಗೆ ಪ್ರೀತಿ ಉಳಿದಿರುವುದೇ ಅದರಿಂದ. ಗಿಡ ಕೀಳದೆ ಹೂ ಮಾತ್ರ ಕೊಯ್ಯಲಿ, ಮೂರರಲ್ಲಿ ಒಂದು ಪಾಲು ಗಿಡದಲ್ಲೇ ಬಿಡಲಿ. ಇದನ್ನು ಒಂದು ಫಲಕದಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಹಾಕಿ.

"ಅಕ್ಟೋಬರ್ ಕಳೆದ ಕೂಡಲೇ ಎಲ್ಲ ಹಳದಿಯಾಗಿ ಸತ್ತುಹೋಯಿತು"

ಸತ್ತಿಲ್ಲ, ಮಲಗಿದೆ. ಒಂದು ಗಿಡದ ಬುಡದಲ್ಲಿ ಕೋಲಿನಿಂದ ಮಣ್ಣು ಸರಿಸಿ ಗಡ್ಡೆ ಒತ್ತಿ ನೋಡಿ. ಗಟ್ಟಿಯಿದ್ದರೆ ಮಣ್ಣು ಮುಚ್ಚಿ ಮನೆಗೆ ಹೋಗಿ. ನೀರು ಹಾಕಬೇಡಿ. ಫೆಬ್ರವರಿಯಲ್ಲಿ ಕರುಣೆಯಿಂದ ಹಾಕುವ ನೀರೇ ಮಲಗಿದ ಗಡ್ಡೆಯನ್ನು ಕೊಳೆಸುತ್ತದೆ. ಜಾಗ ಮರೆಯದಂತೆ ಪಕ್ಕದಲ್ಲಿ ಮುರಕಲ್ಲು ನೆಡಿ.

ಗಡ್ಡೆ ಮೆತ್ತಗಾಗಿ ನಾರುತ್ತಿದ್ದರೆ ಮಾತ್ರ ರೋಗ. ಶುಂಠಿಗೆ ಬರುವ ಗಡ್ಡೆ ಕೊಳೆಯ ಹಾಗೆಯೇ ಇದು, ನೀರು ನಿಲ್ಲುವಲ್ಲಿ ಬರುತ್ತದೆ. ಕೊಳೆತ ಗಡ್ಡೆಯನ್ನು ಸುತ್ತಲಿನ ಮಣ್ಣಿನೊಂದಿಗೆ ತೆಗೆದು ದೂರ ಹಾಕಿ. ಕತ್ತಿ, ಪಿಕ್ಕಾಸು ತೊಳೆಯದೆ ಬೇರೆ ಜಾಗದಲ್ಲಿ ಅಗೆಯಬೇಡಿ. ಪಕ್ಕದಲ್ಲಿ ಶುಂಠಿ, ಅರಿಶಿನದ ಬೆಳೆ ಇರುವವರಿಗೆ ಇದು ಇನ್ನೂ ಮುಖ್ಯ.

"ಹೂವಿನ ಜಾಗವನ್ನೆಲ್ಲ ಕಳೆ ನುಂಗಿತು"

ನಾಲ್ಕು ಕಳೆಗಳನ್ನು ಗುರುತು ಹಿಡಿದರೆ ಅರ್ಧ ಕೆಲಸ ಆಯಿತು. ಕಮ್ಯುನಿಸ್ಟ್ ಗಿಡ, ಮರ ಹತ್ತಿ ಮುಚ್ಚುವ ಮಿಕಾನಿಯ ಬಳ್ಳಿ, ಹಳದಿ ಹೂವಿನ, ನೆಲ ಹಿಡಿದು ಹಬ್ಬುವ ವೆಡೇಲಿಯ, ರಬ್ಬರ್ ತೋಟಕ್ಕೆ ಹೊದಿಕೆ ಬೆಳೆಯಾಗಿ ತಂದ, ಮೂರೆಲೆಯ ಮ್ಯುಕುನ ಬಳ್ಳಿ.

ಕೀಳುವ ಕಾಲ ಆಗಸ್ಟ್, ಸೆಪ್ಟೆಂಬರ್. ಮಣ್ಣು ಒದ್ದೆ, ಬೇರು ಸಲೀಸಾಗಿ ಬರುತ್ತದೆ, ಹೂ ಇನ್ನೂ ಬಿಟ್ಟಿರುವುದಿಲ್ಲ. ಕಮ್ಯುನಿಸ್ಟ್ ಗಿಡವನ್ನು ಕತ್ತಿಯಿಂದ ಸವರಿದರೆ ಬುಡದಿಂದ ಹತ್ತು ಚಿಗುರು ಬರುತ್ತದೆ, ಬೇರು ಸಮೇತ ಎಳೆಯಬೇಕು. ಬಿಳಿ ನೂಲಿನ ಬೀಜ ಹಾರುವ ಹೊತ್ತಿಗೆ ಕೈ ಹಾಕಿದರೆ ನಾವೇ ಬಿತ್ತಿದಂತೆ. ಮಿಕಾನಿಯ, ವೆಡೇಲಿಯ ಎರಡೂ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತವೆ. ತುಂಡು ನೆಲದಲ್ಲಿ ಬಿಡಬೇಡಿ, ಬಂಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಒಣಗಿಸಿ.

ಒಂದು ವರ್ಷಕ್ಕೆ ಎಷ್ಟು ಜಾಗ ಕಾಯಲು ಆಗುತ್ತದೋ ಅಷ್ಟನ್ನೇ ಬಿಡಿಸಿ. ಹತ್ತಡಿ ಉದ್ದ ಹತ್ತಡಿ ಅಗಲ ಆದರೂ ಸಾಕು. ಬಿಡಿಸಿದ ನೆಲ ಖಾಲಿ ಇದ್ದರೆ ಕಳೆಯೇ ಮತ್ತೆ ಬರುವುದು. ತೆಳುವಾಗಿ ತರಗೆಲೆ ಹಾಸಿಡಿ, ಮುಂದಿನ ಪತ್ತನಾಜೆಗೆ ಬಿತ್ತಿ.

ಕಳೆನಾಶಕ ಬೇಡ. ಈ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯಂತಹ ಊರುಗಳ ಮನೆಗಳು ಇವತ್ತಿಗೂ ಅದರ ನೋವು ಹೊತ್ತಿವೆ. ನಮ್ಮ ಗುಡ್ಡೆಗೆ ಬಿದ್ದ ನೀರು ಸುರಂಗಕ್ಕೆ (ನೀರಿಗಾಗಿ ಗುಡ್ಡೆ ಕೊರೆದ ಅಡ್ಡ ಬಾವಿ), ಬಾವಿಗೆ ಇಳಿಯುತ್ತದೆ. ಅದು ಕುಡಿಯುವ ನೀರು. ಗ್ಲೈಫೊಸೇಟ್ ಅನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ.

"ದಾರಿಯ ಬದಿ ವರ್ಷಕ್ಕಿಷ್ಟು ಬೋಳಾಗುತ್ತಾ ಹೋಗುತ್ತಿದೆ"

ಮಳೆ ಬಿಟ್ಟ ಹತ್ತು ನಿಮಿಷಕ್ಕೆ ಹೋಗಿ ನೋಡಿ. ದಾರಿಯ ನಡುವೆ ನೀರು ನಿಂತಿದ್ದರೆ ಜನ ಪಕ್ಕದಲ್ಲಿ ಕಾಲಿಡುತ್ತಾರೆ. ಅಲ್ಲೂ ಕೆಸರಾದರೆ ಇನ್ನೂ ಪಕ್ಕಕ್ಕೆ. ಹೂವು ಸಾಯುವುದು ಹಾಗೆ. ಮೊದಲು ದಾರಿಗೆ ಮುರಕಲ್ಲಿನ ಪುಡಿ ಹಾಕಿ, ನೀರು ಹೊರಹೋಗಲು ಓರೆಯಾಗಿ ಒಂದು ಚಡಿ ತೆಗೆಯಿರಿ. ಬೋಳಾದ ಜಾಗದಲ್ಲಿ ಒಂದು ಕಬ್ಬಿಣದ ಸರಳು ಒತ್ತಿ. ಬೆರಳುದ್ದವೂ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿದೆ. ಅಗೆದು ಮಗುಚಬೇಡಿ, ಮಳೆಗೆ ಕೊಚ್ಚಿಹೋಗುತ್ತದೆ. ಅಲ್ಲಲ್ಲಿ ಸರಳಿನಿಂದ ತೂತು ಮಾಡಿ, ತರಗೆಲೆ ಹಾಸಿ, ಒಣ ಕೊಂಬೆ ಅಡ್ಡ ಹಾಕಿ ಒಂದು ಮಳೆಗಾಲ ಬಿಡಿ.

ಸರಳು ಎರಡು ಇಂಚಿಗೇ ಕಲ್ಲಿಗೆ ತಾಗುವ ಜಾಗವೂ ಸಿಗುತ್ತದೆ. ಅದು ಕಾಡಿನ ನೆಲ ಅಲ್ಲ, ಪಾರೆ. ಅಲ್ಲಿಗೆ ಮಣ್ಣು ತಂದು ಸುರಿಯಬೇಡಿ. ಪಾರೆಗೆ ಅದರದೇ ಹೂಗಳಿವೆ. ಮಳೆಗಾಲದಲ್ಲಿ ನೀರು ಜಿನುಗುವ ಕಡೆ ಮಲಯಾಳಿಗಳು ಕಾಕ್ಕಪ್ಪೂ ಎನ್ನುವ ನೀಲಿ ಹೂವು ಏಳುತ್ತದೆ, ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ ಅದು. ಹಾಗೆಯೇ ನಮ್ಮ ಜಿಲ್ಲಾ ಹೂವು ಪೆರಿಯ ಪೊಳತ್ತಾಳಿಯನ್ನು ಕಾಡಿನಡಿ ನೆಡಲು ಹೋಗಬೇಡಿ. ಅದು ಹರಿಯುವ ನೀರಿನ ಗಿಡ, ತೀರಾ ಅಪರೂಪದ್ದು. ಇದ್ದಲ್ಲೇ ಇರಬೇಕು.

"ಬೆಳಿಗ್ಗೆ ನೋಡಿದರೆ ನೆಲವೆಲ್ಲ ಅಗೆದು ಹಾಕಿದೆ"

ಉತ್ತ ಹಾಗೆ ಅಗಲಕ್ಕೆ ಮಣ್ಣು ಮಗುಚಿದ್ದರೆ ಕಾಡುಹಂದಿ. ಸಣ್ಣದಾದ, ಆಳವಾದ ಗುಂಡಿ, ಪಕ್ಕದಲ್ಲಿ ಕಪ್ಪು ಬಿಳಿ ಮುಳ್ಳು ಇದ್ದರೆ ಮುಳ್ಳುಹಂದಿ. ಮೇಲುಮೇಲೆ ಕೆದಕಿದ್ದರೆ ನವಿಲು. ಅಂಚು ನೇರವಾಗಿ ಕತ್ತರಿಸಿದಂತಿದ್ದರೆ ಪಿಕ್ಕಾಸು, ಅಂದರೆ ಮನುಷ್ಯರು.

ಗಡ್ಡೆಗಳನ್ನು ಒಂದೇ ಕಡೆ ಗುಂಪಾಗಿ ನೆಡದೆ ಕಲ್ಲು, ಬೇರುಗಳ ಸಂದಿಯಲ್ಲಿ ಚದುರಿಸಿ ನೆಟ್ಟರೆ ನಷ್ಟ ಕಡಿಮೆ. ವಿದ್ಯುತ್ ಬೇಲಿ, ಉರುಳು ಖಂಡಿತ ಬೇಡ. ಜನ ನಡೆಯುವ ಜಾಗ ಅದು, ಜೀವ ಹೋಗುತ್ತದೆ. ಹಂದಿಯ ಕಾಟ ನಿಲ್ಲದಿದ್ದರೆ ಪಂಚಾಯತಿಗೆ, ಅರಣ್ಯ ಇಲಾಖೆಗೆ ತಿಳಿಸಿ.

ಇಲ್ಲಿಗೆ ನಿಲ್ಲಿಸಿ, ಗೊತ್ತಿರುವವರನ್ನು ಕೇಳಿ

ಎರಡು ಮಳೆಗಾಲ ಮೇಲಿನದ್ದೆಲ್ಲ ನೋಡಿಯೂ ಗಿಡ ಹಳದಿಯಾಗಿ ಕುಂಟುತ್ತಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ಮಣ್ಣು ಹುಳಿ ಮಣ್ಣು, ಕಾಡುಗಿಡಗಳಿಗೆ ಅದು ಒಗ್ಗಿದೆ, ಅಂದಾಜಿನ ಮೇಲೆ ಸುಣ್ಣ ಚೆಲ್ಲಬೇಡಿ. ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ವಿಚಾರಿಸಬಹುದು. ಕೊಳೆತ ಗಡ್ಡೆ ತೋರಿಸುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಯ್ಯಬೇಡಿ, ಪೇಪರಿನಲ್ಲಿ ಸುತ್ತಿ.

ಗುರುತು ಸಿಗದ ಗಿಡವನ್ನು ಕಳೆಯೆಂದು ಕೀಳಬೇಡಿ. ಹೂ, ಎಲೆಯ ಅಡಿಭಾಗ, ಇಡೀ ಗಿಡ ಹೀಗೆ ಮೂರು ಫೋಟೋ ತೆಗೆದು ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. ಅವರ ಬಳಿ ಊರಿನ ಗಿಡಗಳ ದಾಖಲೆ ಪುಸ್ತಕ ಇರಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗದಲ್ಲೂ ಕೇಳಿ ನೋಡಬಹುದು. ನೆಲ ಆರ್ಕಿಡ್ ಸಿಕ್ಕಿದರೆ ಜಾಗ ಬದಲಿಸಲು ಹೋಗಲೇಬೇಡಿ. ಆ ಮಣ್ಣಿನ ಶಿಲೀಂಧ್ರದ ಜೊತೆಗೇ ಅದರ ಬದುಕು.

ಮಳೆಗಾಲದಲ್ಲಿ ಕೈಕಾಲಿನ ಗಾಯ ಇಟ್ಟುಕೊಂಡು ಕೆಸರಿಗೆ ಇಳಿಯಬೇಡಿ, ಇಲಿಜ್ವರದ ಭಯವಿದೆ. ಕೆಲಸ ಮಾಡಿದ ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ವೈದ್ಯರ ಹತ್ತಿರ ಹೋದಾಗ ಒದ್ದೆ ಮಣ್ಣಿನಲ್ಲಿ ಕೆಲಸ ಮಾಡಿದ್ದೆ ಎಂದು ನೀವಾಗಿಯೇ ಹೇಳಿ. ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ಕೆಲಸ ಶುರು ಮಾಡುವ ಮೊದಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿ.